ಓಡಿದ್ದು ಮದ್ದಲೆಯೋ, ಟೇಪೋ

ಹೊಸ ಆಂಪ್ಲಿಫೈಯರ್ ಬಿಸಿಯಾದಾಗ ಬರುವ ವಾಸನೆಗೆ ನಾನಿನ್ನೂ ಒಗ್ಗಿಕೊಂಡಿಲ್ಲ. ಸಾಗರದ ಅಂಗಡಿಯವನು ಅದನ್ನು ಮಾರುವಾಗ, "ಸೌಂಡ್ ಬಿಡಿ ಸಾರ್, ಇದ್ರ ಟೈಮಿಂಗ್ ನೋಡಿ. ಕಾಲು ತಾನೇ ತಾಳ ಹಾಕತ್ತೆ" ಎಂದಿದ್ದ. ಹಾಕಿದ್ದು ನಿಜ. ಆದರೆ ಕೊಳ್ಳಲು ಮನಸ್ಸು ಮಾಡಿಬಂದವನ ಕಾಲನ್ನು ಎಷ್ಟು ನಂಬುವುದು, ನೀವೇ ಹೇಳಿ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ನನ್ನ ಬಳಿ ಉಳಿದಿರುವುದು ಈ ಬಗೆಯ ಅನುಮಾನವೊಂದೇ. ಮನೆಗೆ ಬಂದು ಅಂಗಡಿಯಲ್ಲಿ ಕೇಳಿದ ಹಾಡನ್ನೇ ಹಳೆಯ ಸೆಟ್ಟಿನಲ್ಲಿ ಹಾಕಿದೆ. ಕಾಲು ಅದಕ್ಕೂ ಆಡಿತು.

ಟೈಮಿಂಗ್ ಎಂದರೆ ನನಗೆ ಹೊಸನಗರದ ಚಿಕ್ಕಪ್ಪನ ನೆನಪು. ಭಾಗವತರು ಪದ ಹಾಡಿ, ಅರ್ಥಧಾರಿಗಳು ಕೂತಲ್ಲೇ ಅರ್ಥ ಹೇಳುವ ತಾಳಮದ್ದಲೆ ಕೂಟಗಳಲ್ಲಿ ಮದ್ದಲೆ ಬಾರಿಸುತ್ತಿದ್ದರು. ತೀರ್ಥಹಳ್ಳಿಯ ನೆಂಟರ ಮನೆಯ ಒಂದು ಕೂಟವನ್ನು ಯಾರೋ ಕ್ಯಾಸೆಟ್ಟಿಗೆ ಹಿಡಿದರು. ಅಲ್ಲಿ ಹಾಡಿದ್ದ ಭಾಗವತರು ಅದನ್ನು ಕೇಳಿ, "ಇವ ತಾಳ ಓಡಿಸ್ತಾನೆ" ಎಂದರು. ಆಮೇಲೆ ಚಿಕ್ಕಪ್ಪನಿಗೆ ಕರೆ ಬರಲಿಲ್ಲ. ನಮ್ಮ ಮನೆಯವರ ವಾದ ಬೇರೆ: ಅವತ್ತು ಕರೆಂಟಿರಲಿಲ್ಲ, ರೆಕಾರ್ಡರ್ ಸೆಲ್ಲಿನ ಮೇಲೆ ನಡೆದಿತ್ತು. ಸೆಲ್ ಸೋತು ಟೇಪು ನಿಧಾನವಾಗಿ ತಿರುಗಿದರೆ, ಮುಂದೆ ಸರಿಯಾದ ವೇಗದಲ್ಲಿ ಹಾಕಿದಾಗ ಎಲ್ಲವೂ ಓಡುತ್ತದೆ. ಇದನ್ನು ನಾನೂ ಬಹಳ ಜನರಿಗೆ ಹೇಳಿದ್ದೇನೆ. ಕರೆಂಟು ಹೋದದ್ದನ್ನು ಕಂಡಿದ್ದೆನೋ, ಹೇಳಿ ಹೇಳಿ ಕಂಡಂತಾಯಿತೋ, ಈಗ ತಿಳಿಯದು.

ಇವತ್ತು ಚಿಕ್ಕಪ್ಪ ಬಂದಿದ್ದರು. ಅವರ ಮೇಲಿನ ಅಪವಾದ ಕಳೆಯಬೇಕೆಂಬ ಆಸೆಯಿಂದ ನಮ್ಮಲ್ಲಿ ಉಳಿದಿದ್ದ ಆ ಕೂಟದ ಕ್ಯಾಸೆಟ್ಟನ್ನು ಹೊಸ ಸೆಟ್ಟಿನಲ್ಲಿ ಹಾಕಿದೆ. ತಪ್ಪು ಟೇಪಿನದಾದರೆ ಮದ್ದಲೆಯ ವೇಗದೊಂದಿಗೆ ಶ್ರುತಿಯೂ ಏರಬೇಕು. ಮದ್ದಲೆ ಮುಂದೆ ಮುಂದೆ ಹೋಯಿತು. ಶ್ರುತಿ ಇದ್ದಲ್ಲೇ ಇತ್ತು; ಟೇಪು ಸರಿಯಾಗಿಯೇ ತಿರುಗಿತ್ತು.

ನಾನು ವಾಲ್ಯೂಮ್ ತಗ್ಗಿಸಿದೆ. "ಸೆಲ್ ವೀಕಿತ್ತು ಅನ್ಸತ್ತೆ, ಚಿಕ್ಕಪ್ಪ."

"ಎಂತ ಸೆಲ್ ಮಾರಾಯ. ಓಡ್ಸಿದ್ದು ನಾನೇ. ಆ ಭಾಗವತ ಎಳೀತಾ ಕೂತಿದ್ದ. ಅರ್ಥ ಹೇಳೋರೇ ತೂಕಡಿಸ್ತಿದ್ರು."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವೆಲ್ಲ ಸೇರಿ ನನ್ನ ಮರ್ಯಾದೆ ಉಳಿಸ್ತಿದ್ರಲ್ಲ. ನಾ ಬೇಕಂತ್ಲೇ ಬಾರ್ಸಿದ್ದನ್ನ ಸೆಲ್ಲಿನ ಲೆಕ್ಕಕ್ಕೆ ಹಾಕ್ಬಿಟ್ರಿ." ಟೇಪಿನತ್ತ ಕೈ ತೋರಿಸಿ ಹೇಳಿದರು: "ಇನ್ನೊಂದ್ಸಲ ಹಾಕು. ನಂದಲ್ಲ, ಅವಂದು ಕೇಳು."

ಹಾಕಿದೆ. ಈ ಸಲ ಭಾಗವತರ ಪದ ನಿಜಕ್ಕೂ ಎಳೆದಂತೆ ಕೇಳಿಸಿತು. ಅದು ಯಂತ್ರದ ಗುಣವೋ, ಪಕ್ಕದಲ್ಲಿ ಕೂತವರ ಮಾತಿನ ಗುಣವೋ ಎಂದು ಯೋಚಿಸುವಷ್ಟರಲ್ಲಿ ಚಿಕ್ಕಪ್ಪ ಕುರ್ಚಿಯ ಕೈ ಮೇಲೆ ಬಾರಿಸತೊಡಗಿದ್ದರು, ಟೇಪಿನಲ್ಲಿದ್ದ ತಮ್ಮದೇ ಮದ್ದಲೆಗಿಂತ ಕೂದಲೆಳೆಯಷ್ಟು ಮುಂದೆ.