ಬಟ್ಟೆಯ ಹಿಂದಿನಿಂದ ಕಂಡವನು

ಕೊಬ್ಬರಿ ಇಳಿಸಿ ಖಾಲಿಯಾದ ಅಟ್ಟಕ್ಕೆ ಅದರದೇ ಒಂದು ವಾಸನೆ ಇರುತ್ತದೆ. ಒಣ ನಾರಿನದು, ಧೂಳಿನದು, ಒಂದಿಷ್ಟು ಎಣ್ಣೆಯದು. ಮೊನ್ನೆ ಗುಡಿಸಲು ಹತ್ತಿದಾಗ ಆ ವಾಸನೆ ಬಂತು. ಹೋದ ವರ್ಷ ಇದೇ ಹೊತ್ತಿನಲ್ಲಿ ನಮ್ಮತ್ತೆಯ ಜೊತೆ ಕಳೆದ ಕೊನೆಯ ಮಾಮೂಲಿ ದಿನ ನೆನಪಾಗಿ, ಪೊರಕೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ.

ಅವತ್ತು ಮಧ್ಯಾಹ್ನ ಊಟ ಮುಗಿಸಿ ನಾವಿಬ್ಬರೂ ನಡುಮನೆಯ ಬೀರುವಿನ ಮುಂದೆ ಕೂತಿದ್ದೆವು. ನನ್ನ ಫೋನನ್ನು ಬೀರುವಿನ ಕನ್ನಡಿಯ ಕಡೆಗೆ ತಿರುಗಿಸಿ ಹಿಡಿದಿದ್ದೆ. ಅತ್ತೆ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಕ ಒರೆಸಿಕೊಂಡು, ಕನ್ನಡಿಯೊಳಗೆ ಓಡುತ್ತಿದ್ದ ಹಳೆಯ ಹಾಲಿವುಡ್ ಸಿನಿಮಾ ನೋಡುತ್ತಿದ್ದರು. ಕಪ್ಪು ಬಿಳುಪಿನದು. ಫೋನಿನಲ್ಲೇ ನೋಡುವುದು ಬಿಟ್ಟು ಕನ್ನಡಿಯಲ್ಲಿ ಯಾಕೆ ನೋಡುತ್ತಿದ್ದರು ಎಂದು ಹೇಳಬೇಕಾದರೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅತ್ತೆಯ ಅಪ್ಪ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಮೂಟೆ ಹೊಲಿಯುವ ಕೆಲಸದಲ್ಲಿದ್ದರು. ಆಗ ಅಲ್ಲಿನ ಮೈದಾನದಲ್ಲಿ ಕೆಲವು ಸಂಜೆ ಬಿಳಿ ಬಟ್ಟೆ ಕಟ್ಟಿ ಆಫೀಸರುಗಳಿಗೆ ಇಂಗ್ಲಿಷ್ ಸಿನಿಮಾ ತೋರಿಸುತ್ತಿದ್ದರಂತೆ. ಅತ್ತೆ ಅಲ್ಲಿ ಎಷ್ಟೋ ಸಿನಿಮಾ ನೋಡಿದ್ದರು. ಒಂದನ್ನು ಮಾತ್ರ ಮರೆತಿರಲಿಲ್ಲ. ಸೇತುವೆ ಕಟ್ಟಲು ಒಬ್ಬ ಸಣ್ಣ ಊರಿಗೆ ಬರುತ್ತಾನೆ. ಟೋಪಿ, ಉದ್ದನೆಯ ಕೋಟು. ಒಬ್ಬ ವಿಧವೆಯ ಮನೆಯಲ್ಲಿ ಬಾಡಿಗೆಗೆ ಇರುತ್ತಾನೆ. ಅವಳು ಕೋಣೆಯೊಳಕ್ಕೆ ಬಂದಾಗಲೆಲ್ಲ ಎದ್ದು ನಿಲ್ಲುತ್ತಾನೆ. ಸೇತುವೆ ಮುಗಿಯುತ್ತಾ ಬರುತ್ತದೆ... ಅಷ್ಟು ಹೊತ್ತಿಗೆ ಅತ್ತೆಯ ಅಪ್ಪ ಬಂದು ಮಗಳನ್ನು ಎಬ್ಬಿಸಿಕೊಂಡು ಹೋದರಂತೆ. ಮಾರನೆಯ ಬೆಳಿಗ್ಗೆ ನಮ್ಮ ಮಾವನ ಕಡೆಯವರು ಹೆಣ್ಣು ನೋಡಲು ಬರುವವರಿದ್ದರು.

"ಅವನು ಅವಳ ಜೊತೇಲಿ ಉಳಕಂಡ್ನೋ, ರೈಲು ಹತ್ತಿ ಹೋದ್ನೋ, ಅದೊಂದು ತಿಳೀಲೇ ಇಲ್ಲ ಕಣೇ" ಎನ್ನುತ್ತಿದ್ದರು. ನಾನು ಮದುವೆಯಾಗಿ ಈ ಮನೆಗೆ ಬಂದ ವರ್ಷವೂ ಹೇಳಿದ್ದರು. ಆಮೇಲೂ, ಕಾಳು ಆರಿಸುವಾಗ, ಬತ್ತಿ ಹೊಸೆಯುವಾಗ, ತಟ್ಟನೆ ಅದೇ ಮಾತು. ಮಕ್ಕಳ ಮದುವೆ ಮಾಡಿದರು, ಮೊಮ್ಮಕ್ಕಳನ್ನು ಕಂಡರು. ಆ ಪ್ರಶ್ನೆ ಹಾಗೇ ಉಳಿದಿತ್ತು.

ಫೋನು ಬಂದ ಮೇಲೆ ನಾನು ಹುಡುಕತೊಡಗಿದೆ. ಎಸ್ಸೆಸ್ಸೆಲ್ಸಿಯ ನನ್ನ ಇಂಗ್ಲಿಷಿಗೆ ಆ ಮಾತುಗಳು ಅಷ್ಟಾಗಿ ಸಿಗುತ್ತಿರಲಿಲ್ಲ. ಸಿಕ್ಕಷ್ಟನ್ನು ಅತ್ತೆಗೆ ಹೇಳುತ್ತಿದ್ದೆ. ಹುಡುಕುವ ನೆಪದಲ್ಲಿ ಹಳೆಯ ನಾಯಕರೆಲ್ಲ ನಮ್ಮ ನಡುಮನೆಗೆ ಬಂದು ಹೋದರು.

"ಇವನಾ, ಅತ್ತೆ?"

"ಊಹೂಂ. ಇವನು ಕೊಬ್ಬರಿ ದಲ್ಲಾಳಿ ನಕ್ಕಂಗೆ ನಗ್ತಾನೆ."

"ಇವನು?"

"ಚೆಂದಾಗವ್ನೆ. ಆದ್ರೆ ಹೆಂಗಸ್ರು ಬಂದ್ರೆ ಎದ್ದು ನಿಲ್ಲೋ ಪೈಕಿ ಅಲ್ಲ ಬುಡು."

ಆ ಸಿನಿಮಾಗಳಲ್ಲಿ ಬಣ್ಣವಿಲ್ಲ. ನಟರು ಯಾರೂ ಈಗ ಬದುಕಿಲ್ಲ. ಆದರೂ ನಾವು ಬಿಡದೆ ನೋಡುತ್ತಿದ್ದೆವು. ಒಬ್ಬ ಗಂಡಸು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಹೆಂಗಸಿನ ಮಾತು ಮುಗಿಯುವವರೆಗೆ ಅವಳ ಮುಖವನ್ನೇ ನೋಡುತ್ತಾ ನಿಂತಿರುವುದನ್ನು ನೋಡಲು ಭಾಷೆ ಬೇಕಾಗಿರಲಿಲ್ಲ.

ಜಗಲಿಯಲ್ಲಿದ್ದ ಮಾವ ಒಮ್ಮೆ, "ಸತ್ತು ಮಣ್ಣಾಗಿರೋರ್ನ ನೋಡ್ಕಂಡು ಕೂತವ್ರೆ ಅತ್ತೆ ಸೊಸೆ" ಎಂದರು.

"ಬದುಕಿರೋರು ಒಂದಪನಾರ ಎದ್ದು ನಿಂತಿದ್ರೆ ಇವರ್ನ ಯಾಕ್ರೀ ನೋಡ್ತಿದ್ದೆ" ಎಂದರು ಅತ್ತೆ.

ವಾರ ಕಳೆದಿರಬೇಕು. ಅತ್ತೆ ಕಾಫಿ ತಂದಾಗ ಮಾವ ಕುರ್ಚಿಯಿಂದ ಮೆಲ್ಲಗೆ ಎದ್ದು ನಿಂತರು. ಅತ್ತೆ ಗಾಬರಿಯಿಂದ, "ಯಾಕ್ರೀ, ಸೊಂಟ ಹಿಡ್ಕಂತಾ?" ಎಂದರು. ಮಾವ ಮತ್ತೆ ಕೂತರು. ನನಗೆ ನಗು ತಡೆಯಲಾಗದೆ ಅಡಿಗೆಮನೆಗೆ ಹೋದೆ.

ಕೊನೆಗೊಂದು ದಿನ ಸೇತುವೆಯ ಸಿನಿಮಾ ಸಿಕ್ಕಿತು. ವಿಧವೆ, ಬಾಡಿಗೆ ಕೋಣೆ, ಎಲ್ಲ ಅತ್ತೆ ಹೇಳಿದಂತೆಯೇ ಇತ್ತು. ಸಂತೋಷದಿಂದ ತೋರಿಸಿದೆ. ಅತ್ತೆ ಹತ್ತು ನಿಮಿಷ ನೋಡಿ ಫೋನು ಪಕ್ಕಕ್ಕಿಟ್ಟರು.

"ಕತೆ ಅದೇಯ. ಇವನು ಅವನಲ್ಲ. ಬ್ಯಾರೆ ಯಾರ್ನೋ ಹಾಕಿ ತೆಗೆದವ್ರೆ."

"ಅವನೇ ಅತ್ತೆ, ಸರಿಯಾಗಿ ನೋಡ್ರಿ."

"ನಂಗೊತ್ತಿಲ್ವಾ? ಅವನು ಎಡಗೈಲಿ ಬರೀತಿದ್ದ. ಬೈತಲೆ ಈ ಕಡೀಕಿತ್ತು."

ಅಷ್ಟು ದಿನದ ಹುಡುಕಾಟ ದಂಡವಾಯಿತೆಂದು ಬೇಜಾರಾಯಿತು. ಎರಡು ದಿನವಾದ ಮೇಲೆ, ಹೊಲಿಯಲು ಕೊಟ್ಟಿದ್ದ ಯಾರದೋ ಕುಪ್ಪಸಕ್ಕೆ ಹೂವಿನ ಬಟ್ಟೆ ಕತ್ತರಿಸುತ್ತಿದ್ದೆ. ಬಟ್ಟೆ ಮಗುಚಿದಾಗ ಒಳಮೈಯಲ್ಲಿ ಹೂವಿನ ಬಳ್ಳಿ ಎಡಕ್ಕಿದ್ದದ್ದು ಬಲಕ್ಕೆ ಬಾಗಿತ್ತು. ಕತ್ತರಿ ಕೆಳಗಿಟ್ಟು ಅತ್ತೆಯನ್ನು ಕೇಳಿದೆ, ಸಿನಿಮಾ ನೋಡುವಾಗ ಎಲ್ಲಿ ಕೂರುತ್ತಿದ್ದಿರಿ ಎಂದು.

"ಇನ್ನೆಲ್ಲಿ? ಮುಂದುಗಡೆ ಆಫೀಸರ್ ಕುರ್ಚಿ. ನಾವು ಬಟ್ಟೆ ಹಿಂದೆ, ಮರಳು ಗುಡ್ಡೆ ಮೇಲೆ."

ಅವರು ಕಂಡದ್ದೆಲ್ಲ ಬಟ್ಟೆಯ ಹಿಂಬದಿಯಿಂದ. ಅಲ್ಲಿ ಎಲ್ಲವೂ ಎಡಬಲ ಅದಲುಬದಲು. ಅವರ ನೆನಪಿನಲ್ಲಿದ್ದವನು ಹಾಗೆ ಎಡಚನಾಗಿದ್ದ. ಅವರನ್ನು ಬೀರುವಿನ ಮುಂದೆ ಕೂರಿಸಿ ಫೋನನ್ನು ಕನ್ನಡಿಗೆ ಹಿಡಿದೆ. ಅತ್ತೆ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು ಕನ್ನಡಕ ಒರೆಸಿಕೊಂಡರು.

"ಬಂದ ನೋಡೇ" ಎಂದರು. ಅಷ್ಟೇ.

ನಾನು ಹೇಳುತ್ತಿರುವ ಆ ಕೊನೆಯ ದಿನ ಅದೇ. ಸೇತುವೆ ಮುಗಿಯುವ ಜಾಗಕ್ಕೆ ಬಂದಾಗ ಅತ್ತೆ ಎದ್ದರು. ಇನ್ನು ಅರ್ಧ ಗಂಟೆಯದಷ್ಟೇ, ಮುಗಿಸಿಬಿಡೋಣ ಎಂದೆ.

"ಐವತ್ತು ವರ್ಸ ತಡಕಂಡಿಲ್ವಾ, ನಾಳೆ ನೋಡಾನ. ಬೆಳಿಗ್ಗೆ ಕಾಯಿ ಇಳ್ಸೋರು ಬತ್ತಾರೆ, ಅಟ್ಟ ಒಂದಪ ನೋಡ್ಬೇಕು."

ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಒಂದೊಂದೇ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡು ಗುಡುಗುಡು ಎನ್ನುತ್ತದೆಯೇ ಎಂದು ಕೇಳುವುದು ಅವರದೇ ಕೆಲಸವಾಗಿತ್ತು. ಸಂಜೆಯವರೆಗೂ ಮೇಲಿನಿಂದ ಆ ಸದ್ದು ಕೇಳುತ್ತಿತ್ತು...

ಮಾರನೆಯ ಬೆಳಿಗ್ಗೆ ನೀರಿನ ತೊಟ್ಟಿಯ ಹತ್ತಿರ ಬಿದ್ದರು. ಒಂದು ಕಡೆ ಕೈಕಾಲು ಬಿದ್ದುಹೋಗಿತ್ತು. ತಿಪಟೂರಿನ ಆಸ್ಪತ್ರೆಗೆ ಸೇರಿಸಿದೆವು. ಮೂರನೆಯ ದಿನ ತೊದಲುತ್ತಾ ನನ್ನನ್ನು ಹತ್ತಿರ ಕರೆದರು. ಮಕ್ಕಳ ವಿಷಯವೋ, ಮನೆಯ ವಿಷಯವೋ ಅಂದುಕೊಂಡು ಬಗ್ಗಿದೆ.

"ಉಳಕಂಡ್ನಾ?"

ನಾನು ಮುಂದಿನದನ್ನು ನೋಡಿರಲಿಲ್ಲ. ಫೋನು ಮನೆಯಲ್ಲೇ ಬಿಟ್ಟು ಬಂದಿದ್ದೆ. "ಉಳಕಂಡ ಅತ್ತೆ. ರೈಲು ಬಂತು, ಅವನು ಹತ್ತಲಿಲ್ಲ" ಎಂದೆ.

ಅತ್ತೆ ನನ್ನನ್ನೇ ನೋಡಿದರು. ಆಡುತ್ತಿದ್ದ ಒಂದು ಬದಿಯ ತುಟಿಯಲ್ಲಿ ನಕ್ಕರು.

"ಸುಳ್ಳು ಹೇಳ್ತೀಯ ಕಣೇ. ಕೆಲ್ಸ ಮುಗುದ್ಮೇಲೆ ಯಾರು ಉಳೀತಾರೆ."

ಸೆರಗು ಸರಿಮಾಡಿಕೊಳ್ಳುವಂತೆ ತಲೆ ಬಗ್ಗಿಸಿದೆ. ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅತ್ತೆ ಹೋಗಿಬಿಟ್ಟರು.

ಒಂದು ವರ್ಷ ಆ ಸಿನಿಮಾ ಮುಟ್ಟಲಿಲ್ಲ. ಕಾಯಿ ಅಲ್ಲಾಡಿಸಿ ನೋಡುವ ಕೆಲಸ ಈಗ ನನ್ನದು. ಹಸಿ ಇರುವುದನ್ನೂ ಕೆಲವೊಮ್ಮೆ ಇಳಿಸಿಬಿಡುತ್ತೇನೆ. ಮೊನ್ನೆ ಅಟ್ಟದಿಂದ ಇಳಿದು ಬಂದು ಕೈಕಾಲು ತೊಳೆದು, ಉಳಿದ ಅರ್ಧ ಗಂಟೆಯದನ್ನು ನೋಡಿದೆ. ಸೇತುವೆಯ ಮೇಲೆ ಮೊದಲ ರೈಲು ಬಂತು. ಅವನು ಪೆಟ್ಟಿಗೆಯನ್ನು ಬೋಗಿಯೊಳಗಿಟ್ಟ. ಸ್ವಲ್ಪ ಹೊತ್ತು ನಿಂತ. ಆಮೇಲೆ ಪೆಟ್ಟಿಗೆಯನ್ನು ತೆಗೆದು ಕೆಳಗಿಟ್ಟುಕೊಂಡ. ರೈಲು ಅವನನ್ನು ಬಿಟ್ಟು ಹೋಯಿತು.

ಬಾಗಿಲ ಹತ್ತಿರ ಮಾವ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯದು.

"ಏನಾಯ್ತವ್ವ ಕೊನೇಗೆ?"

"ಉಳಕಂಡ, ಮಾವ."

ಅವರು ತಲೆಯಾಡಿಸಿ ಜಗಲಿಗೆ ಹೋದರು.

ನಾನು ಆಸ್ಪತ್ರೆಯಲ್ಲಿ ಹೇಳಿದ್ದು ನಿಜವೇ ಆಗಿತ್ತು. ಅತ್ತೆ ಅದನ್ನು ನಂಬದೆ ಹೋದರು.