ಭಜನೆಯ ಸ್ವರ ಸಮ ಮಾಡಿದ ನೀಲಾವತಿ

ಜಾಲ್ಸೂರಿನ ನೀಲಾವತಿ ಸುಳ್ಯದ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದ ಕಾಲದಲ್ಲಿ ಬೊಂಬಾಯಿಗೆ ಮಾತಾಡಬೇಕಾದರೆ ಅರ್ಧ ದಿನ ಕಾಯಬೇಕಿತ್ತು. ಲೈನ್ ಸಿಕ್ಕಿದ ಮೇಲೂ ಈಚೆಯವರು ಪಿಸುಗುಟ್ಟುವುದು, ಆಚೆಯವರು ಬೊಬ್ಬೆ ಹಾಕುವುದು. "ನೀವು ಸ್ವಲ್ಪ ಜೋರು, ನೀವು ಸ್ವಲ್ಪ ಮೆಲ್ಲ" ಎಂದು ಹೇಳುವುದರಲ್ಲೇ ನೀಲಾವತಿಯ ಯೌವನ ಕಳೆಯಿತು. ಮನೆಗೆ ಬಂದರೆ ಗಂಡ ಚೆನ್ನಕೇಶವ. ಸರ್ವಿಸ್ ಜೀಪಿಗೆ ಜನ ಕರೆದು ಕರೆದು ಗಂಟಲು ಹಿಗ್ಗಿಸಿಕೊಂಡವರು, ಊಟಕ್ಕೆ ಉಪ್ಪು ಕೇಳಿದರೂ ಜಂಕ್ಷನ್ನಿನವರು ತಿರುಗಿ ನೋಡುತ್ತಿದ್ದರು.

ನೀಲಾವತಿಗೆ ಒಂದು ಹುಚ್ಚಿತ್ತು. ಊರಿನ ಮಂಡಳಿಯ ಶನಿವಾರದ ಭಜನೆಯನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಡುವುದು. ಹದಿನಾರು ವರ್ಷದಲ್ಲಿ ಇನ್ನೂರ ಹನ್ನೆರಡು ಕ್ಯಾಸೆಟ್ ಆಗಿತ್ತು. ಪುತ್ತೂರಿನಲ್ಲಿ ಸ್ಟುಡಿಯೋ ಇಟ್ಟಿರುವ ತಂಗಿಯ ಮಗ ಉಲ್ಲಾಸ್ ಕಳೆದ ವರ್ಷ ಅಷ್ಟನ್ನೂ ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟ.

ಮಂಡಳಿಯ ವಾರ್ಷಿಕೋತ್ಸವದ ಊಟದ ಹೊತ್ತಿಗೆ ಅದನ್ನು ಹಾಕಿದರು. ಮೊದಲನೆಯದು ತೀರಿಕೊಂಡ ಗೋದಾವರಿಯಮ್ಮನ ಹಾಡು, ನುಸಿ ಗುಂಯ್‌ಗುಟ್ಟಿದಷ್ಟೇ ಕೇಳಿಸಿತು. ಚೆನ್ನಕೇಶವ ಎದ್ದು ಹೋಗಿ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದರು. ಅದರ ಹಿಂದೆಯೇ ಬಂದದ್ದು ಮಂಡಳಿಯ ಹಳೆಯ ಹಾಡುಗಾರ ಚನಿಯಪ್ಪನವರ "ವಿಠಲಾ!" ಬಡಿಸುತ್ತಿದ್ದವರ ಕೈಯ ಮಜ್ಜಿಗೆ ಬಕೆಟ್ ಅಧ್ಯಕ್ಷರ ಮಡಿಲಿನಲ್ಲಿ ಕೂತಿತು.

"ಎಲ್ಲ ಹಾಡಿಗೂ ಒಂದೇ ಲೆವೆಲ್ ಕೊಡುವ ಸಾಫ್ಟ್‌ವೇರ್ ಉಂಟು ದೊಡ್ಡಮ್ಮ" ಎಂದ ಉಲ್ಲಾಸ್. "ಎಂಬತ್ತೊಂಬತ್ತು ಡೆಸಿಬೆಲ್ ಅಂತ ಇಟ್ರೆ ಆಯ್ತು. ಉಳಿದದ್ದು ಕಂಪ್ಯೂಟರೇ ಮಾಡ್ತದೆ."

ಕಂಪ್ಯೂಟರಿನ ಕಿವಿಯನ್ನು ನಂಬುವುದು ಹೇಗೆ? ನೀಲಾವತಿ ಸಾಫ್ಟ್‌ವೇರ್ ಹಾಕಿಸಿಕೊಂಡು, ಹೆಡ್‌ಫೋನ್ ಏರಿಸಿ, ಒಂದೊಂದೇ ಹಾಡು ಕೇಳುತ್ತಾ ಮೂರು ತಿಂಗಳು ಕೂತರು. ಚೆನ್ನಕೇಶವರ ಸ್ವರ ಜೀವಮಾನದಲ್ಲಿ ಮೊದಲ ಬಾರಿ ಸೋತಿತು. ಅವರು "ಚಹಾ ಉಂಟಾ?" ಎಂದು ಚೀಟಿ ಬರೆದು ಹಿಡಿಯುವುದನ್ನು ಕಲಿತರು.

ಅಂತೂ ಎಲ್ಲ ಹಾಡೂ ಎಂಬತ್ತೊಂಬತ್ತಕ್ಕೆ ಬಂತು. ಮಂಡಳಿಯವರಿಗೆಲ್ಲ ಒಂದೊಂದು ಪೆನ್‌ಡ್ರೈವ್ ಹಂಚಿದರು. ನಾಲ್ಕನೇ ದಿನ, ಈಗ ಮಗಳ ಜೊತೆ ಕಡಬದಲ್ಲಿರುವ ಚನಿಯಪ್ಪನವರು, ಎಪ್ಪತ್ತೆಂಟರ ಪ್ರಾಯದಲ್ಲಿ ಎರಡು ಬಸ್ಸು ಹಿಡಿದು ಬಂದರು.

"ನೀಲಾವತಿ, ನನ್ನನ್ನು ಕಡಿಮೆ ಮಾಡಿದ್ದು ಯಾಕೆ?"

"ಕಡಿಮೆ ಅಲ್ಲ ಚನಿಯಪ್ಪಣ್ಣ, ಎಲ್ಲರಿಗೂ ಸಮ."

"ಅದೇ ನಾನು ಕೇಳುದು! ನಲ್ವತ್ತು ವರ್ಷ ಗಂಟಲು ಹರ್ಕೊಂಡವ ನಾನು. ಆ ಗೋದಾವರಿ ಕೂತಲ್ಲಿಗೇ ನಿದ್ದೆ ಮಾಡ್ತಾ ಹಾಡಿದವಳು. ಇಬ್ಬರಿಗೂ ಎಂಬತ್ತೊಂಬತ್ತಾ? ನನಗೆ ತೊಂಬತ್ತೆರಡು ಬೇಕು."

ಅವರು ಹೊರಡುವ ಮೊದಲೇ ಗೋದಾವರಿಯಮ್ಮನ ಸೊಸೆ ಮನೋರಮಾ ಗೇಟು ತೆರೆದರು. ಅತ್ತೆಯ ಸ್ವರ ಈಗ ಚೆನ್ನಾಗಿ ಕೇಳುತ್ತದಂತೆ, ಆದರೆ ಜೊತೆಗೆ ಹಾಡುತ್ತಿದ್ದ ಸಣ್ಣತ್ತೆಯದ್ದೂ ಅಷ್ಟೇ ಕೇಳುತ್ತದಂತೆ. "ಅತ್ತೆ ಮನೆಗೆ ಹಿರಿಯವರಲ್ವಾ ಅಕ್ಕ? ಅರ್ಧ ಪಾಯಿಂಟಾದ್ರೂ ಮೇಲೆ ಇಡಿ."

ಸುದ್ದಿ ಹಬ್ಬಿತು. ಡೆಸಿಬೆಲ್ ಎಂದರೆ ಏನೆಂದು ಗೊತ್ತಿಲ್ಲದವರೂ ತಮ್ಮದು ಎಷ್ಟೆಂದು ಕೇಳಿದರು. ಮಂಡಳಿ ತುರ್ತು ಸಭೆ ಕರೆದು, ಬೇಡಿಕೆ ಇದ್ದವರು ಲಿಖಿತ ಅರ್ಜಿ ಕೊಡಬೇಕೆಂದು ನಿರ್ಣಯ ಮಾಡಿತು. ಮೂವತ್ತೊಂದು ಅರ್ಜಿ ಬಂತು. ಮಜ್ಜಿಗೆ ಬಿದ್ದ ಅಧ್ಯಕ್ಷರು ಒಂದು ಸಾಲೂ ಹಾಡಿದವರಲ್ಲ, ಅವರು ತಾವು ಹಾಕುತ್ತಿದ್ದ ತಾಳದ ಸ್ವರ ಏರಿಸಲು ಬರೆದಿದ್ದರು. ಒಬ್ಬರು ತನಗೇನೂ ಬೇಡ, ಅಣ್ಣನದ್ದು ಇಳಿಸಿದರೆ ಸಾಕು ಎಂದಿದ್ದರು.

ನೀಲಾವತಿ ಅರ್ಜಿಗಳನ್ನು ಚಾಪೆಯ ಮೇಲೆ ಹರಡಿ ಎರಡು ದಿನ ನೋಡಿದರು. ಮೂರನೇ ದಿನ ಸಾಫ್ಟ್‌ವೇರ್ ತೆರೆದು, ಎಲ್ಲ ಹಾಡನ್ನೂ ಒಟ್ಟಿಗೆ ತೊಂಬತ್ತೆರಡಕ್ಕೆ ಏರಿಸಿದರು. ಅರ್ಜಿದಾರರಿಗೆ ಪೆನ್‌ಡ್ರೈವ್ ಹೊಸದಾಗಿ ತುಂಬಿಸಿ ಕಳಿಸಿ, ಫೋನ್ ಮಾಡಿ ಒಬ್ಬೊಬ್ಬರಿಗೇ, "ನಿಮ್ಮದು ಮೂರು ಜಾಸ್ತಿ ಮಾಡಿದ್ದೇನೆ, ಯಾರಿಗೂ ಹೇಳ್ಬೇಡಿ" ಎಂದರು.

ಅದು ಸುಳ್ಳೇನೂ ಆಗಿರಲಿಲ್ಲ. ಅಣ್ಣನನ್ನು ಇಳಿಸಬೇಕೆಂದವರು ಕೂಡ ತಮ್ಮ ಹಾಡು ಕೇಳಿ ಸುಮ್ಮನಾದರು. ಕಡಬದಿಂದ ಚನಿಯಪ್ಪನವರು ಫೋನಿನಲ್ಲೇ ಗರ್ಜಿಸಿದರು: "ಈಗ ನೋಡು ವ್ಯತ್ಯಾಸ!"

ಅರ್ಜಿ ಕೊಡದೆ ಬಂದದ್ದು, ಗಂಡನನ್ನು ಕಳಕೊಂಡು ಬೀಡಿ ಕಟ್ಟುವ ಚೆನ್ನು ಒಬ್ಬರೇ. ಜಗಲಿಯ ತುದಿಯಲ್ಲಿ ನಿಂತು, "ನಮ್ಮವರು ಹಾಡಿದವರಲ್ಲ ನೀಲಕ್ಕ" ಎಂದರು. "ಪ್ರತಿ ಶನಿವಾರ ಹಿಂದೆ ಗೋಡೆಗೆ ಒರಗಿ ಕೂತು ಕೆಮ್ಮುತ್ತಿದ್ರು. ಅವರ ಸ್ವರ ಬೇರೆಲ್ಲಿಯೂ ಇಲ್ಲ. ಅದರಲ್ಲಿ ಉಂಟಾ ಅಂತ."

"ಉಂಟು. ಎಪ್ಪತ್ತನಾಲ್ಕನೇ ಕ್ಯಾಸೆಟ್" ಎಂದರು ನೀಲಾವತಿ, ಯೋಚಿಸದೆ. ಎರಡು ಹಾಡುಗಳ ನಡುವಿನ ಆ ಕೆಮ್ಮನ್ನು ಬೇರೆಯಾಗಿ ಕತ್ತರಿಸಿ, ಅದನ್ನೂ ತೊಂಬತ್ತೆರಡಕ್ಕೆ ಏರಿಸಿ ಸ್ಪೀಕರಿನಲ್ಲಿ ಹಾಕಿದರು. ಒಳಗಿನಿಂದ ಚೆನ್ನಕೇಶವ ಗಾಬರಿಯಲ್ಲಿ ನೀರು ಹಿಡಿದುಕೊಂಡು ಓಡಿ ಬಂದರು.

ಚೆನ್ನು ತಲೆ ಅಲ್ಲಾಡಿಸಿದರು. "ಇಷ್ಟು ಜೋರು ಬೇಡ ಅಕ್ಕ. ಭಜನೆಗೆ ತೊಂದರೆ ಆಗ್ಬಾರ್ದು ಅಂತ ಅವರು ಬಾಯಿಗೆ ಹೆಗಲಿನ ಬೈರಾಸು ಹಿಡ್ಕೊಂಡು ಕೆಮ್ಮುದು."

ನೀಲಾವತಿ ಎಂಬತ್ತಕ್ಕೆ ಇಳಿಸಿದರು. ಎಪ್ಪತ್ತಕ್ಕೆ ಇಳಿಸಿದರು. ಅರವತ್ತೊಂದಕ್ಕೆ ಬಂದಾಗ, ಹೊರಗೆ ಕಾಸರಗೋಡಿನ ಬಸ್ಸು ದಾಟಿ ಹೋಗುವವರೆಗೆ ಕಾಯಬೇಕಾಯಿತು.

"ಹಾಂ" ಎಂದರು ಚೆನ್ನು. "ಇದು ಇವರೇ."

ಕುರ್ಚಿಯನ್ನು ಸ್ಪೀಕರಿನ ಹತ್ತಿರ ಎಳೆದುಕೊಂಡು, ಇನ್ನೊಮ್ಮೆ ಹಾಕಿ ಎಂದು ಕೈ ಸನ್ನೆ ಮಾಡಿದರು.