ಒಗೆಯದೆ ಉಳಿಸಿದ ಬಟ್ಟೆ

ಲಾಂಡ್ರಿಯಮ್ಮನ ಕೈಗೆ ಸಿಕ್ಕ ಕಲೆ ಒಂದು ಗಂಟೆ ಬಾಳಿದ್ದಿಲ್ಲ. ಶಾಯಿಯಿರಲಿ, ತುಕ್ಕಿರಲಿ, ಉಜ್ಜಿ ಬಿಸಿಲಿಗೆ ಹಾಕಿದ ಮೇಲೆಯೇ ಅವಳಿಗೆ ಉಸಿರು. ಮಗಳು ಎರಡು ತಿಂಗಳ ಕೂಸಿನೊಂದಿಗೆ ಬಂದಿಳಿದ ಮೇಲೆ ಕೂಸಿನ ಬಟ್ಟೆಗಳ ಗತಿಯೂ ಅದೇ: ಒದ್ದೆಯಾಗುವುದೇ ತಡ, ತೊಟ್ಟಿಗೆ.

ಕೂಸು ಎದೆಹಾಲು ಕುಡಿದು ಬಿಲ್ಲಿನಂತೆ ಬಾಗಿ ಅಳುತ್ತಿತ್ತು. ಕಕ್ಕ ಮಾಡಿದ ಬಟ್ಟೆಯಲ್ಲಿ ಲೋಳೆ, ಲೋಳೆಯಲ್ಲಿ ನೆತ್ತರಿನ ಎಳೆ. ರಕ್ತ ಪರೀಕ್ಷೆಯಲ್ಲಿ ಅಲರ್ಜಿಯಿಲ್ಲವೆಂದು ಬಂತು. ನೋಡಲು ಬಂದ ಬೀಗಿತ್ತಿ, "ನಿಮ್ಮ ಮಗಳ ಹಾಲೇ ಕೆಟ್ಟಿದೆ ಕಣ್ರೀ. ಬಿಡಿಸಿ, ಡಬ್ಬಿ ಹಾಲು ಹಾಕಿ" ಎಂದರು. ಮಗಳು ಗೋಡೆಗೆ ಮುಖ ಮಾಡಿ ಕೂತಳು.

"ಬಟ್ಟೆ ತಂದಿದ್ದೀರಾ?" ಎಂದರು ಮಕ್ಕಳ ಡಾಕ್ಟರು.

"ಒಗೆದುಬಿಟ್ಟೆ ಡಾಕ್ಟ್ರೇ. ಬೇಕಾದ್ರೆ ಬಿಳುಪು ನೋಡಿ."

"ಸಾಕ್ಷಿಯನ್ನೆಲ್ಲ ಒಗೆದು ಒಣಗಿಸಿದ್ದೀರಲ್ಲಮ್ಮ. ಇನ್ಮೇಲೆ ಹಾಗೇ ತನ್ನಿ."

ಕೈ ತುರಿಸಿದರೂ ತಡೆದುಕೊಂಡು ಲಾಂಡ್ರಿಯಮ್ಮ ಮೂರು ಬಟ್ಟೆ ಉಳಿಸಿದಳು. ಗಿರಾಕಿಗಳ ಬಟ್ಟೆಗೆ ಕಟ್ಟುವ ಹಾಗೆ ಒಂದೊಂದಕ್ಕೂ ಚೀಟಿ: ಯಾವ ದಿನ, ಮಗಳು ಏನೇನು ತಿಂದಿದ್ದಳು.

ಡಾಕ್ಟರು ಚೀಟಿ ಓದಿದರು. "ಈ ಬಗೆಯ ಅಲರ್ಜಿ ರಕ್ತದಲ್ಲಿ ಸಿಗಲ್ಲ. ತಕ್ಷಣ ದದ್ದೂ ಏಳಲ್ಲ. ಗಂಟೆಗಟ್ಟಲೆ, ಕೆಲವು ಸಲ ದಿನ ಬಿಟ್ಟು ಕರುಳಲ್ಲಿ ಕಾಣುತ್ತೆ. ನನಗೆ ಹಸುವಿನ ಹಾಲಿನ ಮೇಲೆ ಅನುಮಾನ. ತಾಯಿ ತಿಂದಿದ್ದು ಎದೆಹಾಲಲ್ಲಿ ಒಂಚೂರು ಹೋಗುತ್ತೆ. ನಾಲ್ಕು ವಾರ ಹಾಲು, ಮೊಸರು, ಬೆಣ್ಣೆ ಬಿಡಲಿ. ಎದೆಹಾಲು ಬಿಡಿಸಬೇಡಿ. ಮಾಮೂಲಿ ಡಬ್ಬಿಯಲ್ಲಿರೋದೂ ಹಸುವಿನ ಹಾಲೇ."

ಎರಡನೆಯ ವಾರಕ್ಕೆ ಎಳೆ ಮಾಯವಾಯಿತು. ಕೂಸು ಕುಡಿದು ಕೈಕಾಲು ಚೆಲ್ಲಿ ಮಲಗತೊಡಗಿತು. ನಾಲ್ಕು ವಾರ ಕಳೆದಾಗ ಡಾಕ್ಟರು, "ಈಗ ತಾಯಿ ಮತ್ತೆ ಹಸುವಿನ ಹಾಲು ಕುಡೀಲಿ" ಎಂದರು.

"ವಾಸಿಯಾದ ಕೂಸನ್ನ ಯಾಕೆ ಕೆಣಕ್ತೀರಿ?" ಲಾಂಡ್ರಿಯಮ್ಮ ರೇಗಿದಳು.

"ತಾನಾಗೇ ಹೋಯ್ತೋ, ಹಾಲು ಬಿಟ್ಟಿದ್ದಕ್ಕೆ ಹೋಯ್ತೋ ತಿಳೀಬೇಡವಾ? ಸುಮ್ಮನೆ ತಿಂಗಳುಗಟ್ಟಲೆ ಬಾಣಂತಿಯ ಬಾಯಿ ಕಟ್ಟಬಾರದು."

ಮಗಳು ಲೋಟ ಹಿಡಿದು ಬಹಳ ಹೊತ್ತು ಕೂತಿದ್ದು ಕುಡಿದಳು. ಮೂರನೆಯ ದಿನ ಕೆಂಪು ಎಳೆ ಮತ್ತೆ ಕಂಡಿತು. ಅಂದೇ ಮಗಳು ಹಸುವಿನ ಹಾಲು ನಿಲ್ಲಿಸಿದಳು. ಇಂಥ ಹೆಚ್ಚಿನ ಕೂಸುಗಳಿಗೆ ವರ್ಷ ತುಂಬುವ ಹೊತ್ತಿಗೆ ಇದು ಹೋಗುತ್ತದೆಂದು ಡಾಕ್ಟರು ಧೈರ್ಯ ಹೇಳಿದರು.

ಮನೆಗೆ ಬಂದ ಮಗಳು ಕೂಸನ್ನು ಎದೆಗೆ ಹಾಕಿಕೊಂಡೇ ಫೋನು ಮಾಡಿದಳು. "ಅತ್ತೆ, ಕೆಟ್ಟಿದ್ದು ನನ್ನ ಹಾಲಲ್ಲ. ಹಸುವಿನ ಹಾಲು ಕೂಸಿಗೆ ಒಗ್ಗಲ್ಲ, ಅದನ್ನ ನಾನು ಬಿಡಬೇಕಂತೆ."

ಆ ಕಡೆ ಅತ್ತೆ ಪೆನ್ನು ಹುಡುಕಿದ ಸದ್ದು. ಆಮೇಲೆ, "ನೀನು ಏನೇನು ತಿನ್ನಬಹುದು ಹೇಳವ್ವ, ಬರ್ಕೋತೀನಿ. ಭಾನುವಾರ ಮಾಡ್ಕೊಂಡು ಬರ್ತೀನಿ."